ಜೈಲಿಗೆ ಬಂದ ಸಮನ್ಸನ್ನು ಓದಿ ಹೇಳುವವರು ಯಾರು?

ಮಾನ್ಯ ಸಂಪಾದಕರೇ,

ಕೇರಳದ ಕಾಸರಗೋಡು ಜಿಲ್ಲೆಯ ಉಪ್ಪಳದಲ್ಲಿ ನನ್ನದೊಂದು ಟೈಪಿಂಗ್ ಮತ್ತು ಝೆರಾಕ್ಸ್ ಅಂಗಡಿ ಇದೆ. ಶುರು ಮಾಡಿ ಇಪ್ಪತ್ತಮೂರು ವರ್ಷ ಆಯಿತು. ಬೋರ್ಡಿನಲ್ಲಿ ಟೈಪಿಂಗ್ ಅಂತ ಇದ್ದರೂ ನಾನು ಜಾಸ್ತಿ ಮಾಡುವ ಕೆಲಸ ಕಾಗದ ಓದಿ ಹೇಳುವುದು. ವಿಲ್ಲೇಜ್ ಆಫೀಸಿನ ನೋಟೀಸು, ಕರೆಂಟ್ ಆಫೀಸಿನ ಕಾಗದ, ಬ್ಯಾಂಕಿನ ಜಪ್ತಿ ನೋಟೀಸು, ಹೆಚ್ಚಿನವು ಮಲಯಾಳಂನಲ್ಲೇ ಬರುತ್ತವೆ. ಮನೆಯಲ್ಲಿ ತುಳು ಮಾತಾಡಿ, ಶಾಲೆಯಲ್ಲಿ ಕನ್ನಡ ಓದಿದವರು ಆ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಹಿಡಿದುಕೊಂಡು ಬರುತ್ತಾರೆ. "ಇದೊಂದು ಎಂಥದ್ದು ನೋಡಿ ಅಕ್ಕಾ" ಅನ್ನುತ್ತಾರೆ. ನಾನೂ ಕನ್ನಡ ಮೀಡಿಯಂನವಳೇ. ಮಲಯಾಳಂ ಅಕ್ಷರ ಕಲಿತದ್ದು ಬಸ್ಸಿನ ಬೋರ್ಡು ನೋಡಿ. ಓದಿ ಹೇಳಿದ್ದಕ್ಕೆ ದುಡ್ಡು ತೆಗೆದುಕೊಳ್ಳುವುದಿಲ್ಲ. ಝೆರಾಕ್ಸ್ ಮಾಡಿಸಿದರೆ ಅದರದ್ದು ಮಾತ್ರ.

ಊರಿನವರ ಕಾಗದವನ್ನೆಲ್ಲ ಓದುವ ನನಗೆ ನನ್ನ ಅಕ್ಕನ ಮಗನ ಕಾಗದ ಓದುವುದಕ್ಕೆ ಸಿಗಲಿಲ್ಲ. ಅದು ಅವನಿಗೆ ಸಿಕ್ಕಿದ್ದು ಜೈಲಿನಲ್ಲಿ. ಆ ಕತೆ ಹೇಳುವುದಕ್ಕೇ ಈ ಪತ್ರ. ಕೇಸು ಇನ್ನೂ ನಡೆಯುತ್ತಿರುವುದರಿಂದ ಯಾರ ಹೆಸರೂ ಹಾಕುವುದಿಲ್ಲ. ಜೈಲು ಯಾವುದು ಅಂತಲೂ ಹೇಳುವುದಿಲ್ಲ. ಒಬ್ಬಿಬ್ಬರು ಸಿಬ್ಬಂದಿಯ ಮೇಲೆ ಹೊರಿಸಿ ಮುಗಿಸುವ ವಿಷಯ ಇದಲ್ಲ.

ಹುಡುಗ ಗೂಡ್ಸ್ ಆಟೋ ಓಡಿಸುತ್ತಿದ್ದ. ಅಕ್ಕ ಭಾವ ಇಬ್ಬರೂ ತೀರಿಕೊಂಡಿದ್ದಾರೆ. ಅವನು ಬೆಳೆದದ್ದು ನಮ್ಮ ಮನೆಯಲ್ಲಿ, ನನ್ನ ಅಮ್ಮನ ಕೈಯಲ್ಲಿ. ಕಳೆದ ವರ್ಷ ಫೆಬ್ರವರಿಯಲ್ಲಿ ಒಂದು ಹೊಡೆದಾಟದ ಕೇಸಿನಲ್ಲಿ ಅವನನ್ನೂ ಇನ್ನು ಮೂವರನ್ನೂ ಹಿಡಿದರು. ಅವನು ಹೊಡೆದಿಲ್ಲ ಅಂತ ವಾದಿಸುವುದಕ್ಕೆ ನಾನು ಬಂದಿಲ್ಲ. ತಪ್ಪು ಮಾಡಿದ್ದರೆ ಶಿಕ್ಷೆ ಆಗಲಿ. ಅದನ್ನು ಕೋರ್ಟು ನೋಡಿಕೊಳ್ಳುತ್ತದೆ.

ಮೊದಲ ದಿನವೇ ಒಂದು ತಮಾಷೆ ನಡೆಯಿತು. ಈಗ ನೆನೆದರೆ ನಗು ಬರುವುದಿಲ್ಲ. ಸ್ಟೇಷನ್ನಿನಿಂದ ಬಂದ ಪೊಲೀಸರು ಅಮ್ಮನಿಗೆ "ರಂಡಾಂ ಪ್ರತಿ" ಅಂದರು. ಅಮ್ಮನಿಗೆ ಗೊತ್ತಿರುವ ಪ್ರತಿ ಅಂದರೆ ಕಾಗದದ ನಕಲು. "ಮೊದಲನೇ ಪ್ರತಿ ಯಾರ ಹತ್ತಿರ ಉಂಟು?" ಅಂತ ಕೇಳಿದರು. ಮಲಯಾಳಂನಲ್ಲಿ ಪ್ರತಿ ಅಂದರೆ ಆರೋಪಿ. ಇವನು ಎರಡನೇ ಆರೋಪಿ. ಕೋರ್ಟಿನ ಮಲಯಾಳಂ ನಮ್ಮವರಿಗೆ ಹೀಗೇ ಅಡ್ಡಗಾಲು ಕೊಡುತ್ತದೆ. ದಾವಾ ಅರ್ಜಿಗೆ ಅವರು "ಅನ್ಯಾಯಂ" ಅನ್ನುತ್ತಾರೆ. ತೀರ್ಪಿಗೆ "ವಿಧಿ" ಅನ್ನುತ್ತಾರೆ. ಸೆರೆಯಾಳಿಗೆ "ತಡವುಪುಳ್ಳಿ". ತುಳುವಿನಲ್ಲಿ ಪುಳ್ಳಿ ಅಂದರೆ ಮೊಮ್ಮಗ. ಅಮ್ಮನಿಗೆ ಆ ಶಬ್ದ ಕೇಳಿ ಏನನ್ನಿಸಿರಬೇಕು ನೀವೇ ಯೋಚಿಸಿ. ಪೂರ್ತಿ ಗೊತ್ತಿಲ್ಲದ ಭಾಷೆಯಾದರೆ ಗೊತ್ತಿಲ್ಲ ಅಂತ ಕೇಳುತ್ತೇವೆ. ಅರ್ಧ ಗೊತ್ತಿರುವ ಭಾಷೆಯಲ್ಲಿ ಕೇಳುವುದಿಲ್ಲ, ಗೊತ್ತಾಯಿತು ಅಂದುಕೊಂಡು ಬಿಡುತ್ತೇವೆ.

ಕ್ರಿಮಿನಲ್ ಕೇಸಿಗೆ ವಕೀಲರು ಸಿಕ್ಕಿದರು. ಒಂದು ಪೈಸೆ ಖರ್ಚಿಲ್ಲದೆ ಸಿಕ್ಕಿದರು. 2022ರಿಂದ ಜಿಲ್ಲೆಗಳಲ್ಲಿ ಆರೋಪಿಗಳಿಗಾಗಿಯೇ ಸರ್ಕಾರಿ ಕಾನೂನು ನೆರವಿನ ವಕೀಲರ ತಂಡ ಮಾಡುವ ಯೋಜನೆ ಬಂದಿದೆಯಲ್ಲ, ಅದರಲ್ಲಿ. ಒಳ್ಳೆಯ ಮನುಷ್ಯ. ಜಾಮೀನಿಗೆ ಓಡಾಡಿದರು. ಜಾಮೀನು ಸಿಕ್ಕಿದರೂ ಭೂತೆರಿಗೆ ರಶೀದಿ ಇಟ್ಟುಕೊಂಡು ನಿಲ್ಲುವ ಇಬ್ಬರು ಬೇಕಲ್ಲ. ಒಬ್ಬರು ಸಿಕ್ಕಿದರು, ಇನ್ನೊಬ್ಬರು ಬೆಳಗ್ಗೆ ಬರುತ್ತೇನೆ ಅಂದವರು ಫೋನ್ ಸ್ವಿಚ್ ಆಫ್ ಮಾಡಿದರು. ಹೀಗೆ ಹುಡುಗ ಒಳಗೆ ಇದ್ದದ್ದು ನಾಲ್ಕು ತಿಂಗಳು. ಆ ನಾಲ್ಕು ತಿಂಗಳಲ್ಲಿ ಎರಡು ಸಂಗತಿ ನಡೆದವು. ಎರಡೂ ಹೊಡೆದಾಟದ ಕೇಸಿಗೆ ಸಂಬಂಧಪಟ್ಟದ್ದಲ್ಲ.

ಒಂದು, ಕೈ. ಮಾರ್ಚಿನಲ್ಲಿ ಬಾತ್‌ರೂಮಿನ ಪಾಚಿಯಲ್ಲಿ ಜಾರಿ ಬಿದ್ದ. ಎಡಗೈ ಮಣಿಕಟ್ಟು ಬಾತುಕೊಂಡಿತು. ನೋವಿನ ಮಾತ್ರೆ ಕೊಟ್ಟರು, ಮುಲಾಮು ಕೊಟ್ಟರು. ಎಕ್ಸ್‌ರೇ ತೆಗೆಸಿದ್ದು ಹದಿನಾರನೇ ದಿನ. ಅಷ್ಟರಲ್ಲಿ ಎಲುಬು ಸೊಟ್ಟಗೆ ಕೂಡಿಕೊಂಡಿತ್ತು. ನಡುವೆ ಅವನು ಒಂದು ಅರ್ಜಿ ಬರೆದುಕೊಟ್ಟಿದ್ದ, ಕನ್ನಡದಲ್ಲಿ. ಅವನಿಗೆ ಬರುವುದು ಅದೊಂದೇ. ತೆಗೆದುಕೊಂಡವರು "ಇದು ಓದಲಿಕ್ಕೆ ಯಾರೂ ಇಲ್ಲ, ಮಲಯಾಳಂನಲ್ಲಿ ಕೊಡು" ಅಂದರಂತೆ. ಒದರಿ ಹೇಳಿದ್ದಲ್ಲವಂತೆ, ಪಾಪ, ನಿಜವಾಗಿಯೇ ಓದುವವರಿರಲಿಲ್ಲ. ಸಂವಿಧಾನದ 350ನೇ ವಿಧಿ ನೋಡಿ. ಕೇಂದ್ರದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಯಾರು ಬೇಕಾದರೂ ಯಾವುದೇ ಅಧಿಕಾರಿಗೆ ದೂರು ಕೊಡಬಹುದು. ಕಾಸರಗೋಡಿನಲ್ಲಿ ಕನ್ನಡ ಬಳಕೆಯಲ್ಲಿಲ್ಲ ಅಂತ ಯಾರೂ ಹೇಳಲಾರರು. ಆದರೆ ಅರ್ಜಿ ಕೊಡುವ ಹಕ್ಕು ಇದ್ದ ಮಾತ್ರಕ್ಕೆ ಅದನ್ನು ಓದುವ ಕಣ್ಣು ಹುಟ್ಟಿಕೊಳ್ಳುವುದಿಲ್ಲವಲ್ಲ.

ಗೂಡ್ಸ್ ಆಟೋದಲ್ಲಿ ಎಡಗೈ ಎಷ್ಟು ಮುಖ್ಯ ಅಂತ ಓಡಿಸುವವರನ್ನು ಕೇಳಿ. ಕ್ಲಚ್ಚು, ಗೇರು ಎಲ್ಲ ಎಡಗೈಯದ್ದೇ. ಈಗ ಅವನು ಅರ್ಧ ದಿನ ಓಡಿಸಿ ಉಳಿದ ಅರ್ಧ ದಿನ ಕೈಗೆ ಬಿಸಿನೀರು ಹಾಕಿಕೊಂಡು ಕೂರುತ್ತಾನೆ.

ಇನ್ನೊಂದು, ಜಾಗ. ಅವನ ಅಪ್ಪನ ಕಡೆ ಅಜ್ಜನ ಹೆಸರಿನಲ್ಲಿ ಸ್ವಲ್ಪ ಜಾಗ ಉಂಟು. ಅಡಿಕೆ, ಹತ್ತು ಹದಿನೈದು ತೆಂಗು, ಬದಿಯಲ್ಲಿ ಬಾವಿ. ಪಾಲಾಗಿರಲಿಲ್ಲ. ಇವನು ಒಳಗಿದ್ದಾಗ ದೊಡ್ಡಪ್ಪನ ಮಕ್ಕಳು ಪಾಲಿಗೆ ದಾವೆ ಹಾಕಿದರು. ಅವರಿಗೆ ಹಾಕುವ ಹಕ್ಕು ಉಂಟು, ಅದಕ್ಕೆ ನನ್ನ ತಕರಾರಿಲ್ಲ. ದಾವೆಯಲ್ಲಿ ಒಂದನೇ ಪ್ರತಿವಾದಿ ಮುಂಬೈಯಲ್ಲಿರುವ ಅತ್ತೆ. ಎರಡನೇ ಪ್ರತಿವಾದಿ ಇವನು.

ಪ್ರತಿವಾದಿ ಜೈಲಿನಲ್ಲಿದ್ದರೆ ಸಮನ್ಸನ್ನು ಜೈಲಿನ ಅಧಿಕಾರಿಗೆ ಕಳಿಸಬೇಕು, ಅವರು ಅವನಿಗೆ ಕೊಟ್ಟು ಸಹಿ ಹಾಕಿಸಿ, ತಾವೂ ಸಹಿ ಹಾಕಿ ವಾಪಸ್ ಕಳಿಸಬೇಕು. ಸಿವಿಲ್ ಪ್ರಕ್ರಿಯಾ ಸಂಹಿತೆಯ 5ನೇ ಆದೇಶದ 24 ಮತ್ತು 29ನೇ ನಿಯಮಗಳಲ್ಲಿ ಇದು ಉಂಟು. ಅಧಿಕಾರಿಯ ಆ ಸಹಿಯೇ ಸಮನ್ಸ್ ಜಾರಿಯಾದದ್ದಕ್ಕೆ ಸಾಕ್ಷಿ. ಓದಿ ಹೇಳಬೇಕು, ಅರ್ಥ ಆಯಿತಾ ಅಂತ ಕೇಳಬೇಕು ಅನ್ನುವುದು ಅಲ್ಲಿ ಎಲ್ಲೂ ಇಲ್ಲ. ಕ್ರಿಮಿನಲ್ ಕೇಸಿನಲ್ಲಾದರೆ ಸಾಕ್ಷಿ ಹೇಳಿದ್ದನ್ನು ಆರೋಪಿಗೆ ಗೊತ್ತಾಗುವ ಭಾಷೆಯಲ್ಲಿ ಕೋರ್ಟಿನಲ್ಲೇ ತಿಳಿಸಬೇಕು ಅಂತ ಹಳೇ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 279ನೇ ಕಲಮಿನ ಕಾಲದಿಂದ ನಿಯಮ ಉಂಟು. ಜೈಲಿಗೆ ಬರುವ ಸಿವಿಲ್ ಸಮನ್ಸಿಗೆ ಅಂಥದ್ದೊಂದು ಇಲ್ಲ.

ಅವತ್ತು ನಡೆದದ್ದನ್ನು ಹುಡುಗ ಹೇಳಿದ ಹಾಗೇ ಹೇಳುತ್ತೇನೆ. ಮಧ್ಯಾಹ್ನ ಊಟ ಆದ ಮೇಲೆ ಅವನನ್ನು ಆಫೀಸಿಗೆ ಕರೆದರು. ಮೇಜಿನ ಮೇಲೆ ಎರಡು ಕಟ್ಟು ಇತ್ತು. ಒಂದು ಹೊಡೆದಾಟದ ಕೇಸಿನ ಚಾರ್ಜ್‌ಶೀಟಿನ ನಕಲು. ಇನ್ನೊಂದು ತೆಳ್ಳಗಿನದು. ಸಿಬ್ಬಂದಿ ತೆಳ್ಳಗಿನ ಕಾಗದದ ಮೇಲೆ ಬೆರಳಿಟ್ಟು ಓದಿದರು. ಮಲಯಾಳಂನಲ್ಲಿ ಪ್ರತಿವಾದಿಗೂ ಪ್ರತಿ ಅಂತಲೇ ಹೇಳುವುದು. "ರಂಡಾಂ ಪ್ರತಿ" ಅಂದರು. ಇವನು ತಲೆ ಆಡಿಸಿದ. ಹೊಡೆದಾಟದ ಕೇಸಿನಲ್ಲೂ ಇವನು ರಂಡಾಂ ಪ್ರತಿಯೇ ತಾನೆ? ಒಂದೇ ಕೇಸಿನ ಎರಡು ಕಾಗದ ಅಂದುಕೊಂಡ. ಎರಡಕ್ಕೂ ಸಹಿ ಹಾಕಿದ. ಎಡಗೈ ಕಟ್ಟಿನಲ್ಲಿತ್ತು, ಕಾಗದ ಜಾರದ ಹಾಗೆ ಮೊಣಕೈಯಿಂದ ಒತ್ತಿ ಹಿಡಿದು ಹಾಕಿದನಂತೆ.

ಆ ಸಹಿಯನ್ನು ಆಮೇಲೆ ನಾನು ಕೋರ್ಟಿನ ಫೈಲಿನಲ್ಲಿ ನೋಡಿದೆ. ಮಲಯಾಳಂ ಅಚ್ಚಿನ ನಮೂನೆ. ಅದರ ಅಡಿಯಲ್ಲಿ ದುಂಡಗೆ, ಸ್ವಲ್ಪ ಮೇಲಕ್ಕೆ ಏರಿದ ಕನ್ನಡ ಸಹಿ. ಹತ್ತನೇ ಕ್ಲಾಸಿನ ಮಾರ್ಕ್ಸ್ ಕಾರ್ಡಿನಲ್ಲಿ ಹಾಕಿದ ಹಾಗೆಯೇ. ಅದು ಎಷ್ಟು ಕೈ ದಾಟಿ ಹೋಗಿರಬೇಕು ಲೆಕ್ಕ ಹಾಕಿ. ಜೈಲಿನ ಆಫೀಸು, ಕೋರ್ಟಿನ ಆಫೀಸು, ಎದುರು ಪಾರ್ಟಿಯ ವಕೀಲರು. ಕನ್ನಡದಲ್ಲಿ ಸಹಿ ಹಾಕಿದವನಿಗೆ ಮೇಲಿನ ಮಲಯಾಳಂ ಗೊತ್ತಾಗಿದೆಯಾ ಅಂತ ಯಾರಿಗೂ ಅನ್ನಿಸಲಿಲ್ಲ. ಎಲ್ಲರೂ ನೋಡಿದ್ದು ಸಹಿ ಉಂಟಾ ಇಲ್ವಾ ಅಂತ ಮಾತ್ರ.

ಸಮನ್ಸ್ ಸಿಕ್ಕಿದ ಮೇಲೆ ಉತ್ತರ ಕೊಡುವುದಕ್ಕೆ ಮೂವತ್ತು ದಿನ. ಕೋರ್ಟು ಮನಸ್ಸು ಮಾಡಿದರೆ ತೊಂಬತ್ತರವರೆಗೆ. ಅಷ್ಟೂ ದಿನ ಆ ಕಾಗದ ಅವನ ತಲೆದಿಂಬಿನ ಕೆಳಗೆ ಚಾರ್ಜ್‌ಶೀಟಿನ ಜೊತೆ ಇತ್ತು. ಜೂನ್‌ನಲ್ಲಿ ಹೊರಗೆ ಬಂದ. ಜುಲೈಯಲ್ಲಿ ದಾವೆ ಏಕಪಕ್ಷೀಯವಾಗಿ, ಅಂದರೆ ಇವನ ಮಾತು ಕೇಳದೆಯೇ, ತೀರ್ಮಾನ ಆಯಿತು. ನಮಗೆ ಗೊತ್ತಾದದ್ದು ನವೆಂಬರಿನಲ್ಲಿ, ಕೋರ್ಟಿನ ಕಮಿಷನರ್ ಮತ್ತು ಸರ್ವೇಯರ್ ಸರಪಳಿ ಹಿಡಿದು ತೋಟಕ್ಕೆ ಇಳಿದಾಗ. ಬಾವಿಯೂ ದಾರಿಯೂ ಯಾರ ಕಡೆಗೆ ಬೀಳುತ್ತದೆ ಅಂತ ಅಳೆಯುವುದಕ್ಕೆ ಅವರು ಬಂದಿದ್ದರು. ಹುಡುಗನ ಅಪ್ಪ ಸ್ವಂತ ದುಡ್ಡಿನಲ್ಲಿ ತೋಡಿಸಿದ ಬಾವಿ ಅದು. ಅದನ್ನು ಹೇಳುವವರು ಕೋರ್ಟಿನಲ್ಲಿ ಯಾರೂ ಇರಲಿಲ್ಲ.

ನಾನು ಅವನಿಗೆ ಬೈದೆ. "ಇಷ್ಟು ದಿನ ಆ ಕಾಗದ ನನಗೆ ಯಾಕೆ ತೋರಿಸಲಿಲ್ಲ?" ಅಂತ. "ಚಿಕ್ಕಮ್ಮಾ, ಅದು ಜೈಲಿನ ಕಾಗದ ಅಲ್ವಾ, ವಕೀಲರ ಹತ್ತಿರ ಅದರದ್ದೇ ನಕಲು ಇರುತ್ತದೆ ಅಂದುಕೊಂಡೆ" ಅಂದ. ವಕೀಲರನ್ನು ಕೇಳಿದೆ. ಅವರು ಬೇಜಾರು ಮಾಡಿಕೊಂಡರು. ಅವರಿಗೆ ಈ ವಿಷಯವೇ ಗೊತ್ತಿರಲಿಲ್ಲ. ಗೊತ್ತಿದ್ದರೂ ಅವರು ಸಿವಿಲ್ ಕೇಸು ನಡೆಸುವ ಹಾಗಿಲ್ಲ. ಆ ಯೋಜನೆಯ ವಕೀಲರದ್ದು ಕ್ರಿಮಿನಲ್ ಕೆಲಸ ಮಾತ್ರ. ಸಿವಿಲ್ ಕೇಸಿಗೆ, ಪುಕ್ಕಟೆ ಕಾನೂನು ನೆರವು ಕೊಡುವ ಕಾನೂನು ಸೇವಾ ಪ್ರಾಧಿಕಾರದ ಪ್ಯಾನೆಲ್ ವಕೀಲರು ಬೇರೆ ಇರುತ್ತಾರೆ. ಅದಕ್ಕೆ ಬೇರೆ ಅರ್ಜಿ.

ನಾನು ಹೇಳಬೇಕಾದ್ದು ಇಲ್ಲೇ ಇದೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಅಂತ ಒಂದು ಉಂಟು, ಜಾರಿಗೆ ಬಂದದ್ದು 1995ರ ನವೆಂಬರ್ 9ರಂದು. ಅದರ 12ನೇ ಕಲಮಿನಲ್ಲಿ ಯಾರಿಗೆಲ್ಲ ಪುಕ್ಕಟೆ ವಕೀಲರು ಅಂತ ಪಟ್ಟಿ ಇದೆ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಹೀಗೆ. ಅದರಲ್ಲಿ ಬಂಧನದಲ್ಲಿ ಇರುವವರೂ ಇದ್ದಾರೆ. ಅವರ ಆದಾಯ ಎಷ್ಟು ಅಂತ ಕೇಳುವ ಹಾಗಿಲ್ಲ. ಮುಖ್ಯ ವಿಷಯ ಏನೆಂದರೆ, ಕಾಯ್ದೆ "ಕೇಸು ಹಾಕುವುದಕ್ಕೆ ಅಥವಾ ಎದುರಿಸುವುದಕ್ಕೆ" ಅನ್ನುತ್ತದೆ. ಕ್ರಿಮಿನಲ್ ಕೇಸು ಅಂತ ಹೇಳುವುದಿಲ್ಲ. ಒಳಗಿದ್ದವನ ಜಾಗದ ಕೇಸಿಗೂ, ಗಂಡ ಹೆಂಡತಿ ಕೇಸಿಗೂ, ಜೈಲಿನಲ್ಲೇ ಕೈ ಮುರಿದು ಚಿಕಿತ್ಸೆ ತಡವಾದ ಕೇಸಿಗೂ ವಕೀಲರು ಸಿಗಬೇಕು. ಇದು ನಮಗೆ ಗೊತ್ತಿರಲಿಲ್ಲ. ಹುಡುಗನ ಬ್ಯಾರಕ್ಕಿನಲ್ಲಿ ಯಾರಿಗೂ ಗೊತ್ತಿರಲಿಲ್ಲವಂತೆ. ಗೋಡೆಯಲ್ಲಿ ಕಾನೂನು ನೆರವಿನ ಒಂದು ಬೋರ್ಡು ಇತ್ತಂತೆ, ಮಲಯಾಳಂನಲ್ಲಿ. ಜಾಮೀನಿನ ವಕೀಲರದ್ದು ಅಂತ ಅಲ್ಲಿದ್ದವರು ಹೇಳಿದ್ದರಂತೆ, ಅಷ್ಟೇ.

ಈಗ ನಮಗೆ ಪ್ಯಾನೆಲ್ ವಕೀಲರು ಸಿಕ್ಕಿದ್ದಾರೆ. ಹೊರಗೆ ಬಂದ ಮೇಲೆ ಅವನು ಬಂಧನದಲ್ಲಿ ಇರುವವನಲ್ಲವಲ್ಲ, ಹಾಗಾಗಿ ವಿಲ್ಲೇಜ್ ಆಫೀಸಿಗೆ ಹೋಗಿ ಆದಾಯ ಸರ್ಟಿಫಿಕೇಟ್ ಮಾಡಿಸಿ ಕೊಟ್ಟೆವು. ಒಳಗಿದ್ದಾಗ ಯಾವ ಸರ್ಟಿಫಿಕೇಟೂ ಬೇಡವಾಗಿದ್ದ ವಕೀಲರು ಇವರೇ! ಏಕಪಕ್ಷೀಯ ಡಿಕ್ರಿಯನ್ನು, ಅಂದರೆ ಕೋರ್ಟಿನ ಆ ತೀರ್ಮಾನವನ್ನು, ತೆಗೆಸುವುದಕ್ಕೆ ಮೂವತ್ತು ದಿನದೊಳಗೆ ಅರ್ಜಿ ಹಾಕಬೇಕು. ಸಮನ್ಸ್ ಸರಿಯಾಗಿ ಜಾರಿಯಾಗಿದೆ ಅಂತಾದರೆ ಡಿಕ್ರಿಯ ದಿನದಿಂದ ಲೆಕ್ಕ, ಆಗಿಲ್ಲ ಅಂತಾದರೆ ಗೊತ್ತಾದ ದಿನದಿಂದ. ಎದುರಿನವರು ಕನ್ನಡ ಸಹಿ ತೋರಿಸಿ "ಜಾರಿಯಾಗಿದೆ" ಅನ್ನುತ್ತಾರೆ. ನಮ್ಮ ವಕೀಲರು ಅದೇ ಕನ್ನಡ ಸಹಿ ತೋರಿಸಿ "ಅವನಿಗೆ ಅರ್ಥವೇ ಆಗಿಲ್ಲ, ತಡವಾದದ್ದನ್ನು ಮನ್ನಿಸಿ" ಅನ್ನುತ್ತಾರೆ. ನೋಡಬೇಕು.

ಕೈಯ ವಿಷಯ ಯಾವ ಕೋರ್ಟಿಗೂ ಹೋಗಿಲ್ಲ. ಹೋಗಬೇಕಾದರೆ ಒಂದೋ ಸರ್ಕಾರಕ್ಕೆ ಎರಡು ತಿಂಗಳ ನೋಟೀಸು ಕೊಟ್ಟು ಇಲ್ಲೇ ದಾವೆ ಹಾಕಬೇಕು, ಇಲ್ಲ ಹೈಕೋರ್ಟಿಗೆ ರಿಟ್ ಹಾಕಬೇಕು. ಹೈಕೋರ್ಟು ಅಂದರೆ ನಮಗೆ ಎರ್ನಾಕುಳಂ. ಸಂಜೆ ಮಲಬಾರ್ ಎಕ್ಸ್‌ಪ್ರೆಸ್ ಹತ್ತಿದರೆ ರಾತ್ರಿಯೆಲ್ಲ ರೈಲು. ಮಂಗಳೂರು ಇಲ್ಲಿಂದ ಕೂಗಿದರೆ ಕೇಳುವಷ್ಟು ಹತ್ತಿರ, ಆದರೆ ಅದು ಬೇರೆ ರಾಜ್ಯ. ಈ ನಮೂನೆಯ ಕೆಲವು ಪರಿಹಾರದ ದಾವೆಗಳಿಗೆ ಕಾಲಮಿತಿ ಒಂದೇ ವರ್ಷ. ಚಿಕ್ಕ ಮಕ್ಕಳಿಗೆ, ಬುದ್ಧಿ ಸ್ಥಿಮಿತ ಇಲ್ಲದವರಿಗೆ 1963ರ ಕಾಲಮಿತಿ ಕಾಯ್ದೆ ರಿಯಾಯಿತಿ ಕೊಟ್ಟಿದೆ. ಜೈಲಿನಲ್ಲಿ ಇರುವವರಿಗೆ ಕೊಟ್ಟಿಲ್ಲ. ಒಳಗೆ ಇದ್ದಾಗಲೂ ಅವನ ದಿನ ಓಡುತ್ತಲೇ ಇರುತ್ತದೆ. ಅವನೊಬ್ಬ ಮಾತ್ರ ಓಡುವ ಹಾಗಿಲ್ಲ.

ಇಂಥ ಕೇಸುಗಳಲ್ಲಿ ಹಿಂದೆ ನ್ಯಾಯ ಸಿಕ್ಕಿಲ್ಲ ಅಂತಲ್ಲ. ಬಿಹಾರದ ರುದುಲ್ ಸಾಹ್ ಅನ್ನುವವರನ್ನು 1968ರಲ್ಲಿ ಕೋರ್ಟು ಬಿಡುಗಡೆ ಮಾಡಿತು, ಜೈಲು ಬಿಟ್ಟದ್ದು 1982ರಲ್ಲಿ. ಹದಿನಾಲ್ಕು ವರ್ಷ! 1983ರಲ್ಲಿ ಸುಪ್ರೀಂ ಕೋರ್ಟು ಪರಿಹಾರ ಕೊಡಿಸಿತು. ಎಲ್ಲ ಸೇರಿ 35,000 ರೂಪಾಯಿ. ಕಡಿಮೆಯೇ. ಆದರೆ ಕೈದಿಯ ಹಕ್ಕು ಮುರಿದರೆ ಸರ್ಕಾರ ದುಡ್ಡು ಕೊಡಬೇಕು ಅನ್ನುವ ದಾರಿ ಅಲ್ಲಿಂದ ತೆರೆಯಿತು. ಅದಕ್ಕೂ ಮೊದಲು ತಿಹಾರ್ ಜೈಲಿನಿಂದ ಸುನಿಲ್ ಬಾತ್ರಾ ಎಂಬ ಕೈದಿ, ಇನ್ನೊಬ್ಬ ಕೈದಿಯನ್ನು ವಾರ್ಡರ್ ಹಿಂಸಿಸಿದ್ದರ ಬಗ್ಗೆ ಒಬ್ಬ ನ್ಯಾಯಮೂರ್ತಿಗೆ ಕಾಗದ ಬರೆದ. ಸುಪ್ರೀಂ ಕೋರ್ಟು ಆ ಕಾಗದವನ್ನೇ ಅರ್ಜಿ ಅಂತ ತೆಗೆದುಕೊಂಡಿತು. ಆ ತೀರ್ಪು ಬರೆದವರು ವಿ.ಆರ್. ಕೃಷ್ಣ ಅಯ್ಯರ್. ಕೈದಿಗೆ ಪುಕ್ಕಟೆ ವಕೀಲರು ಸಿಗಬೇಕು ಅಂತ 1978ರಲ್ಲಿ ಹೊಸ್ಕೋಟ್ ಕೇಸಿನಲ್ಲಿ ಬರೆದವರೂ ಅವರೇ. ಅವರು ನಮಗೆ ದೂರದವರಲ್ಲ. ತಲಶ್ಶೇರಿಯಲ್ಲಿ ವಕೀಲಿಕೆ ಮಾಡಿದವರು. ಕೇರಳದ 1957ರ ಇ.ಎಂ.ಎಸ್. ಮಂತ್ರಿಮಂಡಲದಲ್ಲಿ ಜೈಲು ಖಾತೆಯನ್ನೂ ನೋಡಿಕೊಂಡವರು. ಆಗ ಕಾಸರಗೋಡು ಜಿಲ್ಲೆ ಆಗಿರಲಿಲ್ಲ, ನಾವೆಲ್ಲ ಕಣ್ಣೂರಿಗೆ ಸೇರಿದ್ದೆವು. ಅವರ ಊರಿನ ಪಕ್ಕದ ಜಿಲ್ಲೆಯಲ್ಲಿ ಇವತ್ತು ಒಬ್ಬ ಹುಡುಗನ ಕಾಗದ, ಓದುವವರಿಲ್ಲದೆ ಡ್ರಾಯರಿನಲ್ಲಿ ಉಳಿಯುತ್ತದೆ.

ಇತ್ತೀಚಿನದು ಇನ್ನೊಂದು ಉಂಟು. 2024ರ ಅಕ್ಟೋಬರ್ 23ರಂದು ಸುಹಾಸ್ ಚಕ್ಮಾ ಕೇಸಿನಲ್ಲಿ ಸುಪ್ರೀಂ ಕೋರ್ಟು ಜೈಲಿನ ಕಾನೂನು ನೆರವು ಕೇಂದ್ರಗಳು ಚೆನ್ನಾಗಿ ನಡೆಯುವಂತೆ ನೋಡಿಕೊಳ್ಳಬೇಕು ಅಂತ ಹೇಳಿತು. ಪೊಲೀಸ್ ಸ್ಟೇಷನ್, ಪೋಸ್ಟ್ ಆಫೀಸು, ಬಸ್‌ಸ್ಟ್ಯಾಂಡು, ರೈಲ್ವೆ ಸ್ಟೇಷನ್ನುಗಳಲ್ಲಿ ಹತ್ತಿರದ ಕಾನೂನು ನೆರವು ಆಫೀಸಿನ ವಿಳಾಸ, ಫೋನ್ ನಂಬರ್ ಇರುವ ಬೋರ್ಡು ಹಾಕಬೇಕು ಅಂತಲೂ ಹೇಳಿತು. ಸ್ಥಳೀಯ ಭಾಷೆಯಲ್ಲಿ ಮತ್ತು ಇಂಗ್ಲಿಷಿನಲ್ಲಿ. ಈಗ ಹೇಳಿ, ಮಂಜೇಶ್ವರದಲ್ಲಿ ಸ್ಥಳೀಯ ಭಾಷೆ ಯಾವುದು? ಕುಂಬಳೆಯಲ್ಲಿ? ಬದಿಯಡ್ಕದಲ್ಲಿ? ಇಲ್ಲಿ ಮಲಯಾಳಂ ಬೇಡ ಅಂತ ನಾನು ಹೇಳುವುದಿಲ್ಲ. ಅದು ನನ್ನ ಹೊಟ್ಟೆಪಾಡಿನ ಭಾಷೆ, ನನ್ನ ಅರ್ಧ ಗಿರಾಕಿಗಳ ಮನೆಮಾತು. ಅದರ ಪಕ್ಕದಲ್ಲಿ ಕನ್ನಡವೂ ಇರಲಿ. ಒಂದು ಗೆರೆ ಜಾಗ ಸಾಕು.

ಈ ಕತೆ ಹೇಳಿದಾಗ ಅಂಗಡಿಗೆ ಬಂದ ಒಬ್ಬ ಹಿರಿಯರು "ಜೈಲಿಗೆ ಹೋದವನಿಗೆ ಇನ್ನು ಎಂಥ ಸಿವಿಲ್ ಹಕ್ಕು ಮಾರಾಯ್ತಿ?" ಅಂದರು. ಅವರು ಸುಮ್ನೆ ಹೇಳಿದ್ದಲ್ಲ, ತುಂಬ ಜನ ಹಾಗೇ ತಿಳಿದುಕೊಂಡಿದ್ದಾರೆ. ನಾನು ಅವರಿಗೆ ಒಂದೇ ಕೇಳಿದೆ. "ನಿಮ್ಮನ್ನು ನಾಳೆ ಯಾವುದೋ ಕೇಸಿನಲ್ಲಿ ಹಿಡಿದು ಹಾಕಿದರೆ ನಿಮ್ಮ ತೋಟ ಯಾರದ್ದಾಗುತ್ತದೆ?" ಅವರು ಝೆರಾಕ್ಸಿಗೆ ಕೊಟ್ಟ ಜಾಗದ ದಾಖಲೆಯ ಕಾಗದವನ್ನು ಇನ್ನೊಮ್ಮೆ ಎಣಿಸಿ ತೆಗೆದುಕೊಂಡು ಹೋದರು.

ನಾನು ಕೇಳುವುದು ದೊಡ್ಡದೇನಲ್ಲ. ಜೈಲಿಗೆ ಸಿವಿಲ್ ಸಮನ್ಸ್ ಬಂದರೆ ಸಹಿ ಹಾಕಿಸುವ ಮೊದಲು ಅವನ ಭಾಷೆ ಬಲ್ಲ ಒಬ್ಬರು ಓದಿ ಹೇಳಲಿ. ಹೇಳಿದ್ದೇವೆ ಅಂತ ಅದೇ ನಮೂನೆಯಲ್ಲಿ ಬರೆಯಲಿ. ಬಂದದ್ದರ ಒಂದು ನಕಲು ಕಾನೂನು ಸೇವಾ ಪ್ರಾಧಿಕಾರಕ್ಕೂ ಹೋಗಲಿ, ಆಗ ಪ್ಯಾನೆಲ್ ವಕೀಲರಿಗೆ ತಾನಾಗಿಯೇ ಗೊತ್ತಾಗುತ್ತದೆ. ಜೈಲಿಗೆ ಬರುವ ಕಾನೂನು ನೆರವಿನವರು "ಜಾಮೀನು ಆಯಿತಾ?" ಅಂತ ಕೇಳಿದ ಮೇಲೆ ಇನ್ನೂ ಒಂದು ಮಾತು ಕೇಳಲಿ: "ಬೇರೆ ಯಾವುದಾದರೂ ಕಾಗದ ಬಂದಿದೆಯಾ? ಮೈಗೆ ಏನಾದರೂ ಆಗಿದೆಯಾ?" ಇದಕ್ಕೆ ಹೊಸ ಕಾಯ್ದೆ ಬೇಕಾಗಿಲ್ಲ, ಬಜೆಟ್ಟೂ ಬೇಕಾಗಿಲ್ಲ. ಓದಿ ಹೇಳುವವರು ಎಲ್ಲಿ ಅಂತ ಕೇಳಬಹುದು. ಕಾನೂನು ನೆರವಿನ ಸ್ವಯಂಸೇವಕರಾಗಿ ನಿವೃತ್ತ ಮಾಷ್ಟ್ರುಗಳನ್ನು ತೆಗೆದುಕೊಳ್ಳಬಹುದು ಅಂತ ಅವರ ಯೋಜನೆಯಲ್ಲೇ ಇದೆ. ನಮ್ಮ ಜಿಲ್ಲೆಯಲ್ಲಿ ಕನ್ನಡ, ಮಲಯಾಳಂ ಎರಡೂ ಬಲ್ಲ ನಿವೃತ್ತ ಮಾಷ್ಟ್ರು, ಟೀಚರುಗಳಿಗೆ ಬರವೇ? ಬೆಳಗ್ಗೆ ಪೇಪರ್ ಓದಿ ಮುಗಿಸಿ ಹನ್ನೊಂದು ಗಂಟೆಗೆ ನನ್ನ ಅಂಗಡಿಯ ಬೆಂಚಿನಲ್ಲೇ ಮೂವರು ಕೂತಿರುತ್ತಾರೆ. ಕೋರ್ಟಿನಲ್ಲಿ ಕನ್ನಡ ಬಲ್ಲ ವಕೀಲರೂ ಇದ್ದಾರೆ. ಅವರಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ, ತಿಂಗಳಿಗೆ ಒಂದು ಸಲ ಜೈಲಿಗೆ ಹೋಗಿ ಬನ್ನಿ. ನನ್ನನ್ನೂ ಕರೆದರೆ ಅಂಗಡಿ ಮುಚ್ಚಿ ಬರುತ್ತೇನೆ, ಕಾಗದ ಓದುವುದು ನನಗೆ ಅಭ್ಯಾಸ ಆಗಿ ಹೋಗಿದೆ.

ಮನೆಯವರು ಯಾರಾದರೂ ಒಳಗೆ ಇರುವ ಓದುಗರಿಗೂ ಒಂದು ಮಾತು. ಭೇಟಿಗೆ ಹೋದಾಗ ಊಟ ಆಯಿತಾ, ನಿದ್ದೆ ಬರುತ್ತಾ ಅಂತ ಕೇಳುತ್ತೇವಲ್ಲ, ಹಾಗೆ "ಸಹಿ ಹಾಕಿಸಿಕೊಂಡರಾ?" ಅಂತಲೂ ಕೇಳಿ. ಹಾಕಿಸಿಕೊಂಡಿದ್ದರೆ ಆ ಕಾಗದ ತರಿಸಿಕೊಳ್ಳಿ. ಕಾನೂನು ನೆರವಿನ ಫೋನ್ ನಂಬರ್ 15100. ಅದನ್ನು ಕನ್ನಡದಲ್ಲಿ ದೊಡ್ಡದಾಗಿ ಟೈಪ್ ಮಾಡಿ ಅಂಗಡಿಯ ಗಾಜಿಗೆ ಅಂಟಿಸಿದ್ದೇನೆ. ಹೋದ ವಾರ ಒಬ್ಬರು ಹೆಂಗಸು ಬಂದು ಅದರ ಫೋಟೊ ತೆಗೆದುಕೊಂಡರು. ಯಾರಿಗೆ ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಕೊನೆಗೆ ನಿಮ್ಮಲ್ಲೂ ಒಂದು ಕೇಳಿಕೆ ಇದೆ, ಸಂಪಾದಕರೇ. ಹುಡುಗ ಇದ್ದ ಕಡೆ ಮಲಯಾಳಂ ಪೇಪರ್ ಬರುತ್ತಿತ್ತಂತೆ. ಅವನು ಚಿತ್ರ ನೋಡಿ ಮಡಚಿಡುತ್ತಿದ್ದನಂತೆ. ಈ ಪತ್ರ ಅಚ್ಚಾದ ದಿನ ನಿಮ್ಮ ಪತ್ರಿಕೆಯ ಒಂದೊಂದು ಪ್ರತಿಯನ್ನು ನಮ್ಮ ಜಿಲ್ಲೆಯ ಜೈಲುಗಳಿಗೆ ಕಳಿಸಿಕೊಡಿ. ದುಡ್ಡು ನಾನು ಕೊಡುತ್ತೇನೆ.

– ಟೈಪಿಂಗ್ ಅಂಗಡಿಯವಳು, ಉಪ್ಪಳ